ಬಿಗಿ ಮಾಡೋದಾ, ಬಿಟ್ಟುಬಿಡೋದಾ? ಹಾಜರಿ, ತಡವಾದ ಅಸೈನ್‌ಮೆಂಟ್ ಮತ್ತು ಒಬ್ಬ ಮೇಡಂ ಅವರ ಪ್ರಶ್ನೆ

ಪ್ರಶ್ನೆ: ನಾನು ಚಳ್ಳಕೆರೆ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಇದು ಮೂರನೇ ವರ್ಷ. ಬಿ.ಎ. ಎರಡನೇ ವರ್ಷದಲ್ಲಿ 62 ಮಕ್ಕಳಿದ್ದಾರೆ. ಮೊದಲ ಪೀರಿಯಡ್‌ಗೆ 25 ಜನ ಬಂದರೆ ಹೆಚ್ಚು. ದಸರಾ ರಜೆ ಮುಗಿದ ಮೇಲಂತೂ ಇನ್ನೂ ಕಡಿಮೆ. ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲಿ ನಾವೇ ಹಾಕುವ ಅಂಕ, 20. ಅದರಲ್ಲಿ 10 ಟೆಸ್ಟಿಗೆ, 10 ಮೂರು ಅಸೈನ್‌ಮೆಂಟಿಗೆ ಅಂತ ಇಟ್ಟುಕೊಂಡಿದ್ದೇವೆ. ಮೂರನೇ ಅಸೈನ್‌ಮೆಂಟನ್ನು ಕೊನೇ ದಿನಾಂಕಕ್ಕೆ ಕೊಟ್ಟವರು 19 ಜನ ಮಾತ್ರ. ಒಬ್ಬ ಹುಡುಗ ಹೆಚ್ಚುಕಮ್ಮಿ ಎರಡು ತಿಂಗಳು ಕಾಣಿಸಲೇ ಇಲ್ಲ. ಮೊನ್ನೆ ಮೂರೂ ಅಸೈನ್‌ಮೆಂಟ್ ಒಟ್ಟಿಗೆ ತಂದ. ಒಂದು ಬೇರೆಯವರ ಅಕ್ಷರದಲ್ಲಿತ್ತು. ನಾನು ತಗೊಳ್ಳಲಿಲ್ಲ. ಈಗ ದಿನಾ ಸ್ಟಾಫ್ ರೂಮ್ ಬಾಗಿಲಲ್ಲಿ ನಿಲ್ಲುತ್ತಾನೆ. ನಮ್ಮ ವಿಭಾಗದ ಮುಖ್ಯಸ್ಥರು (ಎಚ್‌ಒಡಿ) "ಅಂಕ ಕೊಟ್ಟು ಕಳ್ಸಿ ಮೇಡಂ, ನಮಗ್ಯಾಕೆ" ಅನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಕೊಟ್ಟ ಹುಡುಗಿಯೊಬ್ಬಳು "ಹಾಗಾದ್ರೆ ನಾವ್ಯಾಕೆ ರಾತ್ರಿ ಕೂತು ಬರೀಬೇಕಿತ್ತು ಮಿಸ್" ಎಂದು ಕೇಳಿದಳು. ಅವಳಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಬರದವರ ಮನೆಗೆ ಫೋನ್ ಮಾಡಬೇಕಾ? ಬಿಗಿ ಮಾಡಿದರೆ ರಿಸಲ್ಟ್ ಬಿದ್ದು, ಮುಂದಿನ ವರ್ಷ ನನ್ನನ್ನೇ ಕರೆಯದಿದ್ದರೆ?

ಉತ್ತರ: ಮೇಡಂ, ನೀವು ಕೇಳಿರುವುದು ಎರಡು ವಿಷಯ. ಮಕ್ಕಳು ಬರುತ್ತಿಲ್ಲ, ಬಂದವರು ಹೊತ್ತಿಗೆ ಸರಿಯಾಗಿ ಬರೆದು ಕೊಡುತ್ತಿಲ್ಲ. ಮೂರನೆಯದನ್ನು ಕೊನೇ ಸಾಲಿಗೆ ತಳ್ಳಿದ್ದೀರಿ. ನಿಮ್ಮ ಕೆಲಸದ ಚಿಂತೆ. ನಾನು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಸೇರಿ 29 ವರ್ಷ ಕಾಮರ್ಸ್ ಪಾಠ ಮಾಡಿದವನು. ಅದರಲ್ಲಿ ಮೊದಲ ಆರು ವರ್ಷ ಪಾರ್ಟ್ ಟೈಮ್. ಆ ಆರು ವರ್ಷ ನಾನೂ ಕೇಳಿದವರಿಗೆಲ್ಲ ಅಂಕ ಕೊಟ್ಟೆ. ಕರುಣೆಯಿಂದಲ್ಲ, ಹೆದರಿ. ಕೊನೇ ಕೆಲವು ವರ್ಷ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂತು ಹಾಜರಿ ಸಾಲದವರ ಶಾರ್ಟೇಜ್ ಲಿಸ್ಟಿಗೆ ಸಹಿ ಹಾಕಿದ್ದೇನೆ. ಹಾಗಾಗಿ ಮೇಜಿನ ಎರಡೂ ಕಡೆಯಿಂದ ಹೇಳಬಲ್ಲೆ.

ಮೊದಲು ಒಂದು ಗಂಟು ಬಿಚ್ಚೋಣ. ಹಾಜರಿ ಒಂದು ಲೆಕ್ಕ, ಅಸೈನ್‌ಮೆಂಟ್ ಇನ್ನೊಂದು ಲೆಕ್ಕ. ಹಾಜರಿ ವಿಶ್ವವಿದ್ಯಾಲಯದ ನಿಯಮ: ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನೀವು ಅದನ್ನು ಮಾಡಿಲ್ಲ, ಸಡಿಲಿಸಲೂ ಆಗದು. ಅಸೈನ್‌ಮೆಂಟ್ ಯಾವಾಗ ತಗೊಳ್ಳಬೇಕು, ಹೇಗೆ ಅಂಕ ಹಾಕಬೇಕು ಎನ್ನುವುದು ಬಹುಪಾಲು ನಿಮ್ಮದು, ನಿಮ್ಮ ವಿಭಾಗದ್ದು. ನಾವು ಇವೆರಡನ್ನೂ ಕಲಸಿಬಿಡುತ್ತೇವೆ. "ಕ್ಲಾಸಿಗೆ ಬಂದಿಲ್ಲ, ನಿನ್ನ ಅಸೈನ್‌ಮೆಂಟ್ ಮುಟ್ಟಲ್ಲ ಹೋಗು" ಅನ್ನುತ್ತೇವೆ. ಬರದಿದ್ದಕ್ಕೆ ಅವನಿಗೆ ಶಾರ್ಟೇಜ್ ಎಂಬ ಶಿಕ್ಷೆ ಆಗಲೇ ಕಾದಿರುತ್ತದೆ. ಅದೇ ತಪ್ಪಿಗೆ ಅಂಕದಲ್ಲೂ ಕತ್ತರಿಸಿದರೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ವಸೂಲಿ ಮಾಡಿದ ಹಾಗೆ. ಎಚ್‌ಒಡಿ ಹೇಳುವುದು ಇದರ ಉಲ್ಟಾ. ಆದರೂ ಅದೇ ಕಲಸುಮೇಲೋಗರ. ಪಾಪ ಅಂತ ಅಂಕ ಕೊಟ್ಟರೆ ಆ ಅಂಕ ಅವನಿಗೆ ಏನು ಗೊತ್ತಿದೆ ಅಂತ ಹೇಳುವುದಿಲ್ಲ. ನಮಗೆ ಎಷ್ಟು ಪಾಪ ಅನ್ನಿಸಿತು ಅಂತ ಹೇಳುತ್ತದೆ.

ನಾಯಕನಹಟ್ಟಿ ನಿಮಗೆ ಹತ್ತಿರ. ಅಲ್ಲಿನ ಸಂತ ತಿಪ್ಪೇರುದ್ರಸ್ವಾಮಿಯ ಮಾತು ಸಣ್ಣ ಮಕ್ಕಳ ಬಾಯಲ್ಲೂ ಇದೆ: ಮಾಡಿದಷ್ಟು ನೀಡು ಭಿಕ್ಷೆ. ಇಂಟರ್ನಲ್ಸ್ ಅಂಕಕ್ಕೆ ಇದಕ್ಕಿಂತ ಚೆನ್ನಾದ ನಿಯಮ ನನಗೆ ಸಿಕ್ಕಿಲ್ಲ. ಮಾಡಿದ್ದು ಎಷ್ಟೋ ಅಷ್ಟು. ಮಾಡದಿದ್ದಕ್ಕೆ ಇಲ್ಲ, ಮಾಡಿದ್ದನ್ನು ಕಿತ್ತುಕೊಳ್ಳುವುದೂ ಇಲ್ಲ.

ಇನ್ನು ಸ್ಟಾಫ್ ರೂಮಿನಲ್ಲೂ ಮಕ್ಕಳ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಓಡಾಡುವ ಕೆಲವು ಮಾತುಗಳು.

"75 ಬರೀ ಹೆಸರಿಗೆ." ಅಲ್ಲ. ನಮ್ಮ ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳು ಮೊದಲು ಕುವೆಂಪು ವಿಶ್ವವಿದ್ಯಾಲಯದ ಕೆಳಗಿದ್ದವು, 2009ರಿಂದ ದಾವಣಗೆರೆ ವಿಶ್ವವಿದ್ಯಾಲಯದ ಕೆಳಗೆ ಬಂದವು. ಬೋರ್ಡು ಬದಲಾಯಿತು, ಶೇಕಡಾ 75 ಬದಲಾಗಲಿಲ್ಲ. ಇಂಜಿನಿಯರಿಂಗ್ ಓದುವವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಇನ್ನೂ ಬಿಗಿ. ಅಲ್ಲಿ 85 ಬೇಕು, ಮನ್ನಾ ಏನಿದ್ದರೂ 75ರವರೆಗೆ. ನಿಯಮ ಇದೆ. ಹಲವು ಕಾಲೇಜುಗಳಲ್ಲಿ ಕೊನೇ ವಾರ ರಿಜಿಸ್ಟರನ್ನು "ಸರಿಮಾಡುವ" ಅಭ್ಯಾಸವೂ ಇದೆ. ಅದಕ್ಕೇ ಬರೀ ಹೆಸರಿಗೆ ಅನ್ನಿಸುವುದು.

"ಕೋರ್ಟೇ ಹೇಳಿದೆ, ಹಾಜರಿ ಬೇಕಿಲ್ಲ." ಈ ಮಾತು ಬಂದದ್ದು 2025ರ ನವೆಂಬರಿನ ದೆಹಲಿ ಹೈಕೋರ್ಟ್ ತೀರ್ಪಿನಿಂದ. ಅದು ಕಾನೂನು ವಿದ್ಯಾರ್ಥಿಗಳ ಕುರಿತದ್ದು. ಹಾಜರಿ ಕಡಿಮೆ ಎಂಬ ಕಾರಣಕ್ಕೆ ಅವರನ್ನು ಪರೀಕ್ಷೆಯಿಂದ ತಡೆಯಬಾರದು ಎಂಬುದು ತಿರುಳು. ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದೆ 2016ರಲ್ಲಿ ಜೀವ ಕಳೆದುಕೊಂಡ ಒಬ್ಬ ಹುಡುಗನ ಸಂಕಟ ಅದರ ಹಿಂದಿದೆ. ನಿಮ್ಮ ಬಿ.ಎ. ತರಗತಿಯ ನಿಯಮವನ್ನು ಆ ತೀರ್ಪು ತೆಗೆದುಹಾಕಿಲ್ಲ. ಆದರೆ ಶಾರ್ಟೇಜ್ ಲಿಸ್ಟ್ ಅಂಟಿಸುವ ಮೊದಲು ಅದನ್ನು ಓದುವ ಮಗುವಿನ ಮುಖ ನೆನಪು ಮಾಡಿಕೊಳ್ಳಬೇಕು ಅನ್ನುವಷ್ಟು ಪಾಠ ಅದರಲ್ಲಿ ನಮಗೂ ಇದೆ.

"ಡಾಕ್ಟರ್ ಸರ್ಟಿಫಿಕೇಟ್ ಕೊಟ್ರೆ ಹಾಜರಿ ಹಾಕ್ತಾರೆ." ಇಲ್ಲ. ಬರದ ದಿನ ಬರದ ದಿನವೇ. ಕೊರತೆ ಮನ್ನಾ ಮಾಡಿ ಎಂದು ಅರ್ಜಿ ಹಾಕಲು ಅದು ಹೆಚ್ಚೆಂದರೆ ಒಂದು ಆಧಾರ. ಮನ್ನಾ ಮಾಡುವ ಅಧಿಕಾರ ಪಾಠ ಮಾಡುವವರ ಕೈಯಲ್ಲಿಲ್ಲ. ಎನ್‌ಸಿಸಿ, ಎನ್‌ಎಸ್‌ಎಸ್, ಕ್ರೀಡೆಗೆ ಕಾಲೇಜೇ ಕಳಿಸಿದ ದಿನಗಳದ್ದು ಬೇರೆ. ಅದಕ್ಕೆ ಆಯಾ ಅಧಿಕಾರಿಯ ಪತ್ರ ಇಟ್ಟುಕೊಳ್ಳಿ. ಇನ್ನೊಂದು, ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಓದುವಾಗಲೇ ಮದುವೆಯಾಗಿ ಬಸುರಿ, ಬಾಣಂತಿಯಾದ ಹೆಣ್ಣುಮಕ್ಕಳಿಗೆ ಹಾಜರಿಯಲ್ಲಿ ರಿಯಾಯಿತಿ ಕೊಡಲು ಸೂಕ್ತ ನಿಯಮ ಮಾಡಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ನಿಮ್ಮ ಕ್ಲಾಸಿನಲ್ಲಿ ಅಂಥವರಿದ್ದರೆ ಪ್ರಿನ್ಸಿಪಾಲರ ಮುಂದೆ ಈ ವಿಷಯ ತೆಗೆಯಿರಿ. ಅವರಾಗಿ ಕೇಳಲು ನಾಚಿಕೊಳ್ಳುತ್ತಾರೆ.

"ಬಿಗಿ ಮಾಡಿದ್ರೆ ರಿಸಲ್ಟ್ ತಾನಾಗೇ ಬರುತ್ತೆ." ಇದು ಅರ್ಧ ನಿಜ. ಕ್ಲಾಸಿಗೆ ಬರುವುದಕ್ಕೂ ಅಂಕಕ್ಕೂ ಗಟ್ಟಿ ನಂಟಿದೆ. ಇದರ ಮೇಲೆ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಅಮೆರಿಕದ ಒಂದು ಸಮೀಕ್ಷೆ 2010ರಲ್ಲಿ ಪ್ರಕಟವಾಯಿತು. ಹೈಸ್ಕೂಲಿನ ಅಂಕ, ಪ್ರವೇಶ ಪರೀಕ್ಷೆಯ ಅಂಕ ಇವೆಲ್ಲಕ್ಕಿಂತ ಕ್ಲಾಸಿಗೆ ಬರುವ ರೂಢಿಯೇ ಕಾಲೇಜಿನ ಅಂಕವನ್ನು ಚೆನ್ನಾಗಿ ಸೂಚಿಸುತ್ತದೆ ಎಂದು ಅದು ಕಂಡುಕೊಂಡಿತು. ಅದರಲ್ಲೇ ಇನ್ನೊಂದು ಮಾತೂ ಇದೆ: ಹಾಜರಿಯನ್ನು ಕಡ್ಡಾಯ ಮಾಡಿದ್ದರಿಂದ ಆದ ಲಾಭ ಸಣ್ಣದು. ಬಂದರೆ ಒಳ್ಳೆಯದು, ಎಳೆದು ತಂದು ಕೂರಿಸಿದರೆ ಸ್ವಲ್ಪ ಒಳ್ಳೆಯದು. ಅಷ್ಟೇ.

ಸರಿ, ಯಾಕೆ ಬರುವುದಿಲ್ಲ? ನಾನು ಹೊಸದರಲ್ಲಿ "ಸೋಮಾರಿತನ" ಎಂಬ ಒಂದೇ ಪದದಲ್ಲಿ ಮುಗಿಸುತ್ತಿದ್ದೆ.

ನೀವು ದಸರಾ ಆದ ಮೇಲೆ ಕಡಿಮೆಯಾದರು ಅಂದಿರಿ. ನಿಮ್ಮ ಕಡೆ ಅದು ಶೇಂಗಾ ಕೀಳುವ ಕಾಲ ಅಲ್ವಾ? ಈರುಳ್ಳಿ ಕೀಳುವುದು, ಕೊಯ್ಯುವುದು, ಚೀಲ ತುಂಬುವುದು ಇನ್ನೂ ಮುಗಿದಿರುವುದಿಲ್ಲ. ದಾವಣಗೆರೆ ಕಡೆ ಮೆಕ್ಕೆಜೋಳ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಮನೆಯಲ್ಲಿ ಇಪ್ಪತ್ತು ವರ್ಷದ ಹುಡುಗ ಇದ್ದಾನೆ. ಅವನನ್ನು ಮೊದಲ ಪೀರಿಯಡ್‌ನ ಬೇಡಿಕೆ-ಪೂರೈಕೆ ಕೇಳಲು ಕಳಿಸುತ್ತಾರಾ? ಬೆಲೆ ಇಳಿಯುವ ಮೊದಲು ಮಾಲು ಮಂಡಿಗೆ ಹಾಕಬೇಕು ಎಂಬ ಬೇಡಿಕೆ-ಪೂರೈಕೆ ಅವರಪ್ಪನಿಗೆ ನಮಗಿಂತ ಚೆನ್ನಾಗಿ ಗೊತ್ತು. ವರ್ಷದ ಎರಡನೇ ಸೆಮಿಸ್ಟರಿನಲ್ಲಿ ಜಾತ್ರೆಗಳ ಸಾಲು. ನಿಮಗೆ ನಾಯಕನಹಟ್ಟಿ ತೇರು, ನಮಗೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಆ ವಾರ ಟೆಸ್ಟ್ ಇಟ್ಟವನು ಮೂರ್ಖ. ನಾನು ಇಟ್ಟಿದ್ದೆ.

ಮೊದಲ ಪೀರಿಯಡ್‌ನದು ಮಾತ್ರ ಬೇರೆ ಕತೆ. ಒಂದು ದಿನ ಮುಂಚೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಪಾಸಿನ ದುಡ್ಡು ಉಳಿಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಬಸ್ಸುಗಳ ಸಂಖ್ಯೆ ಅಷ್ಟೇ ಬೆಳೆಯಲಿಲ್ಲ. ಹಿಂದಿನ ಊರಲ್ಲೇ ತುಂಬಿಬಂದ ಬಸ್ಸು ಇವರೂರಲ್ಲಿ ನಿಲ್ಲದೇ ಹೋಗುತ್ತದೆ. ನಾನು ಒಂದು ವರ್ಷ ಲೇಟಾಗಿ ಬರುವವರ ಹೆಸರಿನ ಎದುರು ಊರು ಬರೆದುಕೊಂಡು ಹೋದೆ. ಹದಿನಾಲ್ಕು ಹೆಸರು, ಮೂರೇ ಊರು. ಮೂರೂ ಒಂದೇ ರೂಟು. ಪ್ರಿನ್ಸಿಪಾಲರು ಡಿಪೋ ಮ್ಯಾನೇಜರ್‌ಗೆ ಪತ್ರ ಬರೆದರು, ಬಸ್ಸು ಬದಲಾಗಲಿಲ್ಲ. ಟೈಮ್ ಟೇಬಲ್‌ನಲ್ಲಿ ನನ್ನ ಪೀರಿಯಡ್ ಮೂರನೆಯದಾಯಿತು. ಆ ಹದಿನಾಲ್ಕರಲ್ಲಿ ಹನ್ನೊಂದು ಜನ ಅಲ್ಲಿಂದ ಮುಂದೆ ಕೂತರು.

ಇನ್ನೊಬ್ಬ ಹುಡುಗನ ಬಗ್ಗೆ ಹೇಳಬೇಕು. ದಾವಣಗೆರೆಯವನು. ಯಾವಾಗಲೂ ಎರಡನೇ ಪೀರಿಯಡ್‌ಗೆ ಬರುತ್ತಿದ್ದ, ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಅಸೈನ್‌ಮೆಂಟ್ ನಾಲ್ಕು ದಿನ ತಡವಾಗಿ ತಂದ. ಹಾಳೆ ಅಂಚಿನಲ್ಲಿ ಕಪ್ಪು ಬೆರಳಚ್ಚು, ಪ್ರತಿ ಪುಟದಲ್ಲೂ ಒಂದೇ ಜಾಗದಲ್ಲಿ. "ಇಷ್ಟು ಗಲೀಜಾಗಿ ತರ್ತೀಯಲ್ಲೋ" ಎಂದು ಕ್ಲಾಸಿನ ಮುಂದೆಯೇ ಬೈದು ಸೊನ್ನೆ ಸುತ್ತಿದೆ. ಅವನು ಏನೂ ಹೇಳಲಿಲ್ಲ. ಅವನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾನೆ, ಬೆಳಗಿನ ಜಾವ ಮೂರಕ್ಕೆ ಒಲೆ ಹತ್ತಿಸಲು ಹೋಗುತ್ತಾನೆ ಎಂದು ಎಷ್ಟೋ ದಿನದ ಮೇಲೆ ಅವನ ಗೆಳೆಯ ಹೇಳಿದ. ಆಮೇಲೆ ಆ ಹಾಳೆಗಳನ್ನು ಮತ್ತೆ ಹುಡುಕಿ ತೆಗೆದು ಓದಿದೆ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತ ಯಾವುದು ಎಂಬ ಬ್ರೇಕ್-ಈವನ್ ಲೆಕ್ಕವನ್ನು ಭಟ್ಟಿಯದ್ದೇ ಅಂಕಿ ಹಾಕಿ ಮಾಡಿದ್ದ. ಅಕ್ಕಿ ಇಷ್ಟು, ಸೌದೆ ಇಷ್ಟು, ಚೀಲಕ್ಕೆ ಇಷ್ಟು. ಇಡೀ ಕ್ಲಾಸಿನಲ್ಲಿ ಪುಸ್ತಕದ ಉದಾಹರಣೆ ಬಿಟ್ಟು ಬರೆದವನು ಅವನೊಬ್ಬನೇ. ನಾನು ಅದನ್ನು ಓದದೇ ಸೊನ್ನೆ ಹಾಕಿದ್ದೆ.

ಹಾಗಂತ ಎಲ್ಲರೂ ಭಟ್ಟಿಗೆ ಹೋಗುವವರಲ್ಲ. ಕ್ಯಾಂಟೀನಿನಲ್ಲಿ ಕೂತು ರೀಲ್ಸ್ ನೋಡುವವರೂ ಇದ್ದಾರೆ. ಬೆಣ್ಣೆದೋಸೆ ತಿಂದು ಬಾಯಿ ಒರೆಸಿಕೊಳ್ಳುತ್ತಾ "ಸಾರ್, ಜ್ವರ" ಎಂದವನೂ ನನ್ನ ಶಿಷ್ಯನೇ. ಯಾರು ಯಾವ ಗುಂಪು ಎಂದು ಮುಖ ನೋಡಿ ಹೇಳಲಾಗದು. ಅದಕ್ಕೇ ಕಾರಣ ತೂಗುವ ಕೆಲಸವನ್ನೇ ಆದಷ್ಟು ಕಡಿಮೆ ಮಾಡಿಕೊಳ್ಳಿ ಎಂದು ಹೇಳುವುದು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಫೋನಿನ ವಿಷಯ. ಇದರಲ್ಲಿ ಆತುರ ಬೇಡ.

ಗಂಡುಮಕ್ಕಳ ಮನೆಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಎರಡು ಬೈಗುಳದಲ್ಲಿ ಮುಗಿಯುತ್ತದೆ. ಹೆಣ್ಣುಮಕ್ಕಳ ಮನೆಗೆ ಮಾಡಿದರೆ ಏನಾಗಬಹುದು ಎಂಬುದನ್ನು ನಾನು ಒಂದು ಹುಡುಗಿಯ ಬೆಲೆ ತೆತ್ತು ಕಲಿತೆ. ಆಗ ನನಗೆ ಮೆಂಟರ್ ಕೆಲಸ ಕೊಟ್ಟಿದ್ದರು. ಬಿ.ಕಾಂ. ಎರಡನೇ ವರ್ಷದ ಹುಡುಗಿ, ಓದುವುದರಲ್ಲಿ ಚುರುಕು. ವಾರಕ್ಕೆ ಎರಡು ದಿನ ಬರುತ್ತಿರಲಿಲ್ಲ. ನಾನು ಜವಾಬ್ದಾರಿಯಿಂದ ಅವರಪ್ಪನಿಗೆ ಫೋನ್ ಮಾಡಿ "ನಿಮ್ಮ ಮಗಳು ಕಾಲೇಜಿಗೆ ಸರಿಯಾಗಿ ಬರ್ತಿಲ್ಲ" ಅಂದೆ. ಅವರು ತುಂಬ ಮರ್ಯಾದೆಯಿಂದ "ಹೇಳಿದ್ದು ಒಳ್ಳೇದಾಯ್ತು ಸಾರ್, ನೋಡ್ಕೋತೀವಿ" ಅಂದರು. ಆಮೇಲೆ ಅವಳು ಬರಲೇ ಇಲ್ಲ. ಮನೆಯಿಂದ ಹೊರಟವಳು ಕಾಲೇಜಿಗೆ ಬಂದಿಲ್ಲ ಅಂದರೆ ಎಲ್ಲಿಗೆ ಹೋಗಿದ್ದಳು? ಮನೆಯವರ ತಲೆಯಲ್ಲಿ ಎದ್ದದ್ದು ಆ ಒಂದೇ ಪ್ರಶ್ನೆ. ಮುಂದಿನ ಬೇಸಿಗೆಗೆ ಮದುವೆ. ಅವಳು ಆ ಎರಡು ದಿನ ಟೈಪಿಂಗ್ ಕಲಿಯಲು ಹೋಗುತ್ತಿದ್ದಳಂತೆ, ಮನೆಯಲ್ಲಿ ಬೇಡ ಅಂದಿದ್ದಕ್ಕೆ ಹೇಳದೇ ಹೋಗುತ್ತಿದ್ದಳಂತೆ. ಗೆಳತಿಯೊಬ್ಬಳು ಹೇಳಿದಾಗ ಹಾಲ್ ಟಿಕೆಟ್ ಬಂದಾಗಿತ್ತು. ಅವಳದ್ದು ತಗೊಳ್ಳಲು ಯಾರೂ ಬರಲಿಲ್ಲ.

ಹಾಗಾಗಿ ಮೊದಲು ಮಗುವನ್ನೇ ಕೇಳಿ. ಸಿಗದಿದ್ದರೆ ಗೆಳತಿಯ ಕೈಲಿ ಹೇಳಿ ಕಳಿಸಿ. "ನಾಳೆ ಬಂದು ಐದು ನಿಮಿಷ ನನ್ನ ಹತ್ರ ಮಾತಾಡು, ಬೈಯಲ್ಲ" ಅಂದರೆ ಸಾಕು. ಮನೆಗೆ ಫೋನ್ ಮಾಡಲೇಬೇಕು ಅನ್ನಿಸಿದರೆ ಅವಳಿಗೆ ತಿಳಿಸಿ, ಅವಳು ಯಾರ ಹತ್ತಿರ ಮಾತಾಡಿ ಅನ್ನುತ್ತಾಳೋ ಅವರ ಹತ್ತಿರ ಮಾತಾಡಿ. ಅಮ್ಮನೋ, ಅಕ್ಕನೋ ಇರಬಹುದು. ತುಂಬ ದಿನದಿಂದ ಸುಳಿವೇ ಇಲ್ಲ, ಅವಳ ಸುರಕ್ಷತೆಯದ್ದೇ ಭಯ ಅನ್ನಿಸಿದರೆ ಒಬ್ಬರೇ ನಿರ್ಧರಿಸಬೇಡಿ. ಪ್ರಿನ್ಸಿಪಾಲರನ್ನು ಸೇರಿಸಿಕೊಳ್ಳಿ.

ಈಗ ಲೆಕ್ಕ. ವಾರಕ್ಕೆ ನಾಲ್ಕು ಕ್ಲಾಸು, 15 ವಾರ ಅಂತ ಇಟ್ಟುಕೊಳ್ಳಿ. ಒಟ್ಟು 60. ಅದರ 75 ಅಂದರೆ 45. ಒಂದು ಮಗು 15 ಕ್ಲಾಸು ತಪ್ಪಿಸಬಹುದು. ನಾಲ್ಕನೇ ವಾರದ ಕೊನೆಗೆ 16 ಕ್ಲಾಸು ಆಗಿರುತ್ತವೆ. ಅದರಲ್ಲಿ ನಾಲ್ಕಕ್ಕೆ ಮಾತ್ರ ಬಂದವನು 12 ಕಳೆದುಕೊಂಡ, ಕೈಲಿ ಮೂರು ಉಳಿದಿವೆ. ಈಗಲೂ ಅವನು ಉಳಿಯಬಹುದು. ಎಂಟನೇ ವಾರಕ್ಕೆ 32 ಆಗಿ, ಅವನು ಬಂದದ್ದು 14 ಅಂತಾದರೆ? ಕಳೆದದ್ದು 18. ಉಳಿದ 28ಕ್ಕೂ ಒಂದೂ ಬಿಡದೆ ಬಂದರೂ 42, ಅಂದರೆ ಶೇಕಡಾ 70. ಬಾಗಿಲು ಮುಚ್ಚಿ ಆಯಿತು. ಅವನಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಯಾಕೆಂದರೆ ನಾವು ಕೂಡಿಸಿ ನೋಡುವುದೇ ಹದಿನಾಲ್ಕನೇ ವಾರ. ಆಗ ಕಾಲಿಗೆ ಬೀಳುವುದು, ಶಿಫಾರಸು ತರುವುದು, ರಿಜಿಸ್ಟರ್ "ಸರಿಮಾಡುವುದು" ಎಲ್ಲ ಶುರು.

ಮುಂದಿನ ಸೆಮಿಸ್ಟರಿಗೆ ನಾಲ್ಕನೇ ವಾರದ ಶನಿವಾರ ಅರ್ಧ ಗಂಟೆ ತೆಗೆದಿಡಿ. ಎಂಟಕ್ಕಿಂತ ಜಾಸ್ತಿ ತಪ್ಪಿಸಿದವರ ಹೆಸರು ಬರೆಯಿರಿ. ನೋಟಿಸ್ ಬೋರ್ಡಿಗೆ ಹಾಕಬೇಡಿ. ಒಬ್ಬೊಬ್ಬರನ್ನೇ ಕರೆದು "ನಿನಗೆ ಇನ್ನು ಇಷ್ಟು ಉಳಿದಿವೆ" ಎಂದು ಅಂಕಿ ಹೇಳಿ. ಬುದ್ಧಿಮಾತು ಬೇಡ. ಕೇಳೀ ಕೇಳೀ ಅವರಿಗೆ ಅದು ಕಿವಿಗೆ ತಾಗುವುದಿಲ್ಲ. ಅಂಕಿ ತಾಗುತ್ತದೆ. ಶೇಂಗಾ ಕಾಲ ಬರುತ್ತದೆ ಎಂದು ಗೊತ್ತಿದ್ದವನು ಆ ಹದಿನೈದನ್ನು ಅದಕ್ಕೇ ಉಳಿಸಿಟ್ಟುಕೊಂಡದ್ದನ್ನು ನೋಡಿದ್ದೇನೆ. ಅವನು ಕೇಳಿದ್ದೇ "ಸಾರ್, ನವೆಂಬರ್‌ನಲ್ಲಿ ಹತ್ತು ಬಿಟ್ರೆ ನಡೀತದಾ" ಅಂತ. ಶೇಕಡಾವಾರು ಪ್ರತಿ ವಿಷಯಕ್ಕೂ ಬೇರೆಯೋ, ಎಲ್ಲ ಸೇರಿಯೋ ಎಂಬುದನ್ನು ಮಾತ್ರ ನಿಮ್ಮ ಕೋರ್ಸಿನ ನಿಯಮಾವಳಿಯಲ್ಲಿ ನೋಡಿಕೊಂಡು ಹೇಳಿ. ಒಬ್ಬರ ಹಾಜರಿಯನ್ನು ಇನ್ನೊಬ್ಬರು ಕೂಗುವ ಪ್ರಾಕ್ಸಿ ತಪ್ಪಿಸಲು ಹೆಸರು ಕೂಗುವಾಗ ತಲೆ ಎತ್ತಿ ನೋಡಿದರೆ ಆಯಿತು, ಅದಕ್ಕೆ ಮೆಷಿನ್ ಬೇಕಿಲ್ಲ.

ತಡವಾದ ಅಸೈನ್‌ಮೆಂಟ್‌ಗೆ ಬರೋಣ. ತಗೊಳ್ಳುವುದೇ ಇಲ್ಲ ಎಂಬ ನಿಯಮದ ತೊಂದರೆ ಏನು ಗೊತ್ತಾ? ಟೆಸ್ಟಿನಲ್ಲಿ ಹತ್ತಕ್ಕೆ ಎಂಟು ತೆಗೆದವನು ತಡ ಮಾಡಿದ, ಅಸೈನ್‌ಮೆಂಟಿಗೆ ಸೊನ್ನೆ. ಒಟ್ಟು 8. ಟೆಸ್ಟಿನಲ್ಲಿ ನಾಲ್ಕು ತೆಗೆದವನು ಗೆಳೆಯನದ್ದನ್ನು ನಕಲು ಮಾಡಿ ಹೊತ್ತಿಗೆ ಸರಿಯಾಗಿ ಕೊಟ್ಟ, ಒಂಬತ್ತು. ಒಟ್ಟು 13. ಯಾರಿಗೆ ಅರ್ಥಶಾಸ್ತ್ರ ಜಾಸ್ತಿ ಗೊತ್ತು? ಯಾವಾಗ ಕೊಟ್ಟರೂ ತಗೊಳ್ಳುವುದೂ ಅಷ್ಟೇ ಕೆಟ್ಟದ್ದು. ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಕಾಲದಲ್ಲಿ ಇಂಟರ್ನಲ್ಸ್ 40 ಇತ್ತು. ಆಗ ಅದರಲ್ಲಿ 38 ಬಿದ್ದವನು ಪರೀಕ್ಷೆಯಲ್ಲಿ 60ಕ್ಕೆ 15 ತೆಗೆದದ್ದನ್ನು ನಾನೇ ನೋಡಿದ್ದೇನೆ. ಆ 38 ಯಾರು ಯಾಕೆ ಕೊಟ್ಟರೋ.

ಇನ್ನೊಂದು ದಾರಿ ದಿನಾಂಕವನ್ನು ಮಕ್ಕಳಿಗೇ ಬಿಡುವುದು. ಕೇಳಲು ಚಂದ. ನಾನೂ ಮಾಡಿ ಕೈಸುಟ್ಟುಕೊಂಡೆ, ಎಲ್ಲರೂ ಕೊನೇ ದಿನ ಆರಿಸಿಕೊಂಡರು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲೂ ಈ ದಾರಿ ಅಷ್ಟಾಗಿ ಗೆಲ್ಲಲಿಲ್ಲ. ಮೂರು ಪ್ರಬಂಧಕ್ಕೆ ತಾವೇ ದಿನ ಗೊತ್ತುಮಾಡಿಕೊಂಡವರಿಗಿಂತ, ಮೇಷ್ಟ್ರು ಸಮನಾಗಿ ಹಂಚಿ ಕೊಟ್ಟ ದಿನಾಂಕಕ್ಕೆ ಬರೆದವರೇ ಹೆಚ್ಚು ಅಂಕ ತೆಗೆದರು. ಗಡುವು ಬೇಕು. ಆದರೆ ಅದು ಗಾಜಿನಂತೆ ಒಡೆಯುವ ಗಡುವಾಗಿರಬಾರದು.

ನನಗೆ ಕೊನೆಗೆ ಒಗ್ಗಿದ್ದು ಎರಡು ದಿನಾಂಕದ ಪದ್ಧತಿ. ಮೊದಲನೆಯದು ಕೊಡುವ ದಿನ. ಎರಡನೆಯದು ಅಲ್ಲಿಂದ ಒಂದು ವಾರಕ್ಕೆ, ಬಾಗಿಲು ಹಾಕುವ ದಿನ. ಮಧ್ಯೆ ಯಾವತ್ತು ಕೊಟ್ಟರೂ ಸುಮ್ನೆ ತಗೊಳ್ಳುತ್ತೇನೆ, ಯಾಕೆ ತಡ ಎಂದು ಕೇಳುವುದಿಲ್ಲ. ಅಜ್ಜಿ ತೀರಿಕೊಂಡಿರಲಿ, ಸಿನಿಮಾಗೆ ಹೋಗಿರಲಿ. ಕಾರಣ ಕೇಳದಿದ್ದರೆ ಸುಳ್ಳು ಹೇಳುವ ಅಗತ್ಯವೂ ಬೀಳುವುದಿಲ್ಲ, ಭಟ್ಟಿಗೆ ಹೋಗುವ ಹುಡುಗ ಎಲ್ಲರೆದುರು ಬಾಯಿ ಬಿಡಬೇಕಾಗಿಯೂ ಇಲ್ಲ. ಬಾಗಿಲು ಹಾಕಿದ ಮೇಲೆ ಮಾತ್ರ ಇಲ್ಲ. ಆಸ್ಪತ್ರೆ, ಸಾವು ಇಂಥದ್ದಕ್ಕೆ ಎಚ್‌ಒಡಿ ಸಹಿ ಬೇಕು. ಹಾಗೆ ಬರುವವರು ವರ್ಷಕ್ಕೆ ಇಬ್ಬರೋ ಮೂವರೋ.

ಇದರ ಅಪಾಯ ನೀವು ಆಗಲೇ ಊಹಿಸಿರುತ್ತೀರಿ. ಎರಡನೇ ದಿನಾಂಕವೇ ನಿಜವಾದ ದಿನಾಂಕ ಆಗಿಬಿಡುತ್ತದೆ. ಅದಕ್ಕೆ ಮೊದಲ ದಿನಾಂಕದಲ್ಲಿ ಒಂದು ಸಿಹಿ ಇಡಬೇಕು. ಮೊದಲ ದಿನಕ್ಕೆ ಕೊಟ್ಟವರ ಕಾಪಿಯನ್ನು ನಾನು ಕೆಂಪು ಪೆನ್ನಿನಲ್ಲಿ ತಿದ್ದಿ ಮೂರು ದಿನದಲ್ಲಿ ವಾಪಸ್ ಕೊಡುತ್ತಿದ್ದೆ. ಬಾಗಿಲು ಹಾಕುವುದರೊಳಗೆ ಸರಿಮಾಡಿ ಮತ್ತೆ ಕೊಟ್ಟರೆ ಹೆಚ್ಚಿನ ಅಂಕ. ತಡವಾಗಿ ಕೊಟ್ಟವರಿಗೆ ಒಂದೇ ಅವಕಾಶ, ಬಂದಷ್ಟು ಅಂಕ. ಯಾರಿಗೂ ಅಂಕ ಕತ್ತರಿಸಲಿಲ್ಲ, ಆದರೂ ಬೇಗ ಕೊಟ್ಟವರಿಗೆ ಲಾಭ ಆಯಿತು. ನಿಮ್ಮ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ ಅನ್ನಿಸುತ್ತದೆ. ಅವಳ ದೂರು ಆ ಹುಡುಗನಿಗೆ ಸಿಕ್ಕಿದ್ದರ ಬಗ್ಗೆ ಇರುವುದಕ್ಕಿಂತ ಜಾಸ್ತಿ ತನಗೆ ಏನೂ ಸಿಗದ್ದರ ಬಗ್ಗೆ. ಕೆಲಸ ಹೆಚ್ಚುತ್ತದೆ, ಸುಳ್ಳು ಹೇಳುವುದಿಲ್ಲ. 62 ಕಾಪಿಯಲ್ಲಿ ಮೂವತ್ತನ್ನು ಎರಡು ಸಲ ನೋಡಬೇಕು. ಅದಕ್ಕೇ ಅಸೈನ್‌ಮೆಂಟ್ ಎರಡು ಪುಟ ಮೀರದಂತೆ ಇಟ್ಟೆ. ಇಪ್ಪತ್ತು ಪುಟ ಬರೆಸಿ ತೂಕ ನೋಡಿ ಅಂಕ ಹಾಕುವುದಕ್ಕಿಂತ ವಾಸಿ.

ನಾಲ್ಕು ಅಸೈನ್‌ಮೆಂಟ್ ಕೊಟ್ಟು ಒಳ್ಳೆಯ ಮೂರನ್ನು ಲೆಕ್ಕಕ್ಕೆ ತಗೊಳ್ಳುವವರೂ ಇದ್ದಾರೆ. ಜಾತ್ರೆ ವಾರಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಚುರುಕಾದವರು ನಾಲ್ಕನೆಯದನ್ನು ಬರೆಯುವುದೇ ಇಲ್ಲ, ಆ ಪಾಠ ಹಾಗೇ ಉಳಿಯುತ್ತದೆ.

ಬೇರೆಯವರ ಅಕ್ಷರದ ವಿಷಯ. "ಹಣದುಬ್ಬರದ ಕಾರಣಗಳನ್ನು ವಿವರಿಸಿ" ಎಂದು ಕೊಟ್ಟರೆ ಒಬ್ಬರು ಬರೆದು ಅರವತ್ತು ಜನ ಇಳಿಸುತ್ತಾರೆ. ಈಗಂತೂ ಮೊಬೈಲಿನ ಎಐ ಎರಡು ನಿಮಿಷಕ್ಕೆ ಬರೆದುಕೊಡುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸಬಹುದಾದ ಪ್ರಶ್ನೆ ಕೊಟ್ಟರೆ ಅದು ಕೊನೇ ರಾತ್ರಿಗೇ ಉಳಿಯುತ್ತದೆ. ನೀವು ಅರ್ಥಶಾಸ್ತ್ರದವರು, ಕೂತಿರುವುದು ಒಂದು ಕಾಲಕ್ಕೆ ಎಣ್ಣೆ ಮಿಲ್ಲುಗಳಿಂದ ಎರಡನೇ ಮುಂಬೈ ಅನ್ನಿಸಿಕೊಂಡ ಚಳ್ಳಕೆರೆ ಪಕ್ಕದಲ್ಲಿ. ಮೂರು ವಾರ, ವಾರಕ್ಕೊಮ್ಮೆ, ಶೇಂಗಾದ ಮಂಡಿ ಬೆಲೆಯನ್ನೂ ಅಂಗಡಿಯ ಎಣ್ಣೆ ಬೆಲೆಯನ್ನೂ ಬರೆದುಕೊಂಡು ಬನ್ನಿ, ಎರಡರ ನಡುವಿನ ದುಡ್ಡು ಎಲ್ಲಿ ಹೋಯಿತು ಅಂತ ಒಂದು ಪುಟ ಬರೆಯಿರಿ ಅನ್ನಿ. ಹೊಲದಲ್ಲೇ ಇರುವ ಹುಡುಗನೂ ಅದನ್ನು ಮಾಡಬಲ್ಲ. ಕ್ಲಾಸಿಗೆ ಬರುವ ಹುಡುಗರಿಗಿಂತ ಚೆನ್ನಾಗಿಯೇ ಮಾಡಿಯಾನು.

ನಿಮ್ಮ ಕೆಲಸದ ಚಿಂತೆಗೆ ನನ್ನ ಹತ್ತಿರ ದೊಡ್ಡ ಔಷಧ ಇಲ್ಲ. ಕುರ್ಚಿಯಲ್ಲಿ ಕೂತಾಗ ನಾನು ಕಂಡದ್ದು ಇಷ್ಟು. ಬಿಗಿ ಇದ್ದ ಅತಿಥಿ ಉಪನ್ಯಾಸಕರ ಮೇಲೆ ದೂರು ಬರುತ್ತಿದ್ದದ್ದು ಕಡಿಮೆ. ದೂರು ಬರುತ್ತಿದ್ದದ್ದು ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿದವರ ಮೇಲೆ. ಹಾಗಾಗಿ ನಿಮ್ಮ ನಿಯಮ ನಾಲ್ಕು ಸಾಲು ಬರೆದು, ಎಚ್‌ಒಡಿ ಸಹಿ ಹಾಕಿಸಿ, ಮೊದಲ ದಿನವೇ ಕ್ಲಾಸಿನಲ್ಲಿ ಓದಿ. ಆಮೇಲೆ ಯಾರಾದರೂ ಶಿಫಾರಸು ತಂದರೆ "ಇದು ವಿಭಾಗದ ನಿಯಮ ಸಾರ್" ಅನ್ನಬಹುದು. ಒಂಟಿಯಾಗಿ ಕೋಟೆ ಕಾಯಬೇಡಿ. ಒನಕೆ ಹಿಡಿದ ಓಬವ್ವ ನಮ್ಮ ಜಿಲ್ಲೆಯವಳೇ, ಆದರೆ ಇಂಟರ್ನಲ್ಸ್ ಅಂಕಕ್ಕೆ ಅಷ್ಟೆಲ್ಲ ಬೇಡ.

ಈಗ ಬಾಗಿಲಲ್ಲಿ ನಿಂತ ಹುಡುಗ. ಈ ಸೆಮಿಸ್ಟರಿನಲ್ಲಿ ನಿಯಮ ಮೊದಲೇ ಬರೆದು ಕೊಟ್ಟಿರಲಿಲ್ಲ ಅಂದುಕೊಳ್ಳುತ್ತೇನೆ. ಹಾಗಾದರೆ ಅವನೊಬ್ಬನಿಗೆ ಏನೂ ಮಾಡಬೇಡಿ. ಕೊಡದೇ ಉಳಿದ 43 ಜನರಿಗೂ ಒಂದೇ ನೋಟಿಸ್ ಹಾಕಿ: ಇಂಥ ದಿನದವರೆಗೆ ಒಂದು ವಾರ ಅವಕಾಶ, ಸ್ವಂತ ಅಕ್ಷರ, ಕೊಡುವಾಗ ಐದು ನಿಮಿಷ ಪ್ರಶ್ನೆ ಕೇಳುತ್ತೇನೆ. ಅದೇ ನೋಟಿಸ್‌ನಲ್ಲಿ, ಆಗಲೇ ಕೊಟ್ಟಿರುವ 19 ಜನ ತಿದ್ದಿ ಮತ್ತೆ ಕೊಟ್ಟು ಅಂಕ ಹೆಚ್ಚಿಸಿಕೊಳ್ಳಬಹುದು ಅಂತಲೂ ಇರಲಿ. ವಿಶ್ವವಿದ್ಯಾಲಯದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಅಂಕ ತುಂಬುವ ಕೊನೇ ದಿನಾಂಕ ಆಫೀಸಿನಲ್ಲಿ ಕೇಳಿಕೊಂಡು, ಅದಕ್ಕೆ ನಾಲ್ಕು ದಿನ ಮುಂಚೆಯೇ ನಿಮ್ಮ ಬಾಗಿಲು ಹಾಕಿ. ಅಂಕ ಲಾಕ್ ಆದ ಮೇಲೆ ಯಾರ ಕಣ್ಣೀರೂ ಕೆಲಸಕ್ಕೆ ಬರದು.

ಆ ಹುಡುಗನಿಗೆ ಬೇರೆಯವರ ಅಕ್ಷರದ್ದನ್ನು ವಾಪಸ್ ಕೊಡಿ. ಉಳಿದ ಎರಡನ್ನು ಮುಂದಿಟ್ಟುಕೊಂಡು ಕೇಳಿ. ಗೊತ್ತಿದ್ದಷ್ಟಕ್ಕೆ ಅಂಕ. ಆಮೇಲೆ ಅವನ ಹಾಜರಿಯ ಅಂಕಿಯನ್ನು ಅವನ ಮುಂದೆಯೇ ಕೂಡಿಸಿ ತೋರಿಸಿ. ಅಸೈನ್‌ಮೆಂಟ್ ಕೊಟ್ಟುಬಿಟ್ಟರೆ ಹಾಲ್ ಟಿಕೆಟ್ ಸಿಗುತ್ತದೆ ಎಂದು ಅವನು ನಂಬಿರುವ ಹಾಗಿದೆ, ಅದಕ್ಕೇ ದಿನಾ ನಿಲ್ಲುವುದು. ಎರಡು ತಿಂಗಳು ಬರದವನಿಗೆ 75 ಆಗುವ ಮಾತಿಲ್ಲ. ಅದನ್ನು ಶಾರ್ಟೇಜ್ ಲಿಸ್ಟ್ ಹೇಳುವ ಮೊದಲು ನೀವು ಹೇಳಿ. ಮನ್ನಾ ಅರ್ಜಿಗೆ ಏನಾದರೂ ಆಧಾರ ಇದೆಯಾ ಅಂತ ಪ್ರಿನ್ಸಿಪಾಲರ ಹತ್ತಿರ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಮತ್ತೆ ಯಾವಾಗ, ಹೇಗೆ ಕೂರಬಹುದು ಅಂತ ಆಫೀಸಿನಲ್ಲಿ ವಿಚಾರಿಸಿ ಚೀಟಿಯಲ್ಲಿ ಬರೆದು ಕೊಡಿ, ಇಲ್ಲದಿದ್ದರೆ ಕಾಲೇಜೇ ಬಿಟ್ಟುಬಿಡುತ್ತಾನೆ.

ಇಷ್ಟೆಲ್ಲ ಮಾಡುವ ಮೊದಲು ಅವನನ್ನು ಒಳಗೆ ಕರೆದು ಕೂರಿಸಿ, ಎರಡು ತಿಂಗಳು ಎಲ್ಲಿದ್ದೆ ಅಂತ ಕೇಳಿ. ನಿಮ್ಮ ಪತ್ರದಲ್ಲಿ ಅದೊಂದು ಇರಲಿಲ್ಲ. ಅವನು ಏನಂದ ಅಂತ ನನಗೂ ಬರೆಯಿರಿ.